ಸಾಹೇಬ್ರು ಎಲ್ಲಿಗಂತೆ?

ನಮ್ಮ ಪಾವಗಡದಲ್ಲಿ ಒಂದು ಅಭ್ಯಾಸ ಇದೆ. ತಾಲೂಕು ಆಫೀಸಿಗೆ ಹೊಸ ಸಾಹೇಬರು ಬಂದು ಕುರ್ಚಿ ಬಿಸಿ ಆಗೋ ಮೊದಲೇ ಬಸ್ ಸ್ಟ್ಯಾಂಡ್ ಹತ್ರದ ಟೀ ಅಂಗಡಿಯಲ್ಲಿ ಅವರ ಮುಂದಿನ ಊರು ತೀರ್ಮಾನ ಆಗಿರುತ್ತೆ. "ಸಾಹೇಬ್ರು ಎಲ್ಲಿಗಂತಣ್ಣ?" "ಶಿರಾಕ್ಕಂತೆ ಕಣಪ್ಪ." "ಏ ಇಲ್ಲ ಬಿಡು, ಚಿಕ್ಕಬಳ್ಳಾಪುರ. ಮಿನಿಸ್ಟ್ರ ಪಿಎ ಕಡೆಯೋನೇ ಹೇಳಿದ." ಪಕ್ಕದಲ್ಲಿ ಆಂಧ್ರದ ಕಡೆಯಿಂದ ಬಂದೋರು ಯಾರಾದ್ರೂ ಇದ್ರೆ ಅವರೂ ಸೇರ್ಕೊಂಡು "ಎಕ್ಕಡಿಕಂಟ?" ಅಂತಾರೆ. ಮೂರು ಕಡೆ ಆಂಧ್ರ ಇರೋ ತಾಲೂಕು ನಮ್ದು, ಗಾಳಿಸುದ್ದಿಗೆ ಎರಡೆರಡು ಭಾಷೆ! ಇಷ್ಟೆಲ್ಲದರ ಮಧ್ಯೆ ಸಾಹೇಬರು ಬಂದ ಮೇಲೆ ಎಷ್ಟು ಖಾತೆ ಆಯ್ತು, ಎಷ್ಟು ಪೋಡಿ ಆಯ್ತು, ಕುಡಿಯೋ ನೀರಿನ ಫ್ಲೋರೈಡ್ ವಿಷಯ ಎಲ್ಲಿಗೆ ಬಂತು ಅಂತ ಕೇಳೋರು ಅಪರೂಪ. ಕೇಳಿದ್ರೂ "ಅಯ್ಯೋ, ಹೋಗೋರಲ್ವಾ ಬಿಡು" ಅನ್ನೋದೇ ಉತ್ತರ. ಹೋಗೋ ಮನುಷ್ಯನನ್ನು ಯಾರೂ ಲೆಕ್ಕ ಕೇಳಲ್ಲ. ಹೋಗೋರಿಗೂ ಅದೇ ಬೇಕಾಗಿರುತ್ತೆ.

ಫುಟ್ಬಾಲ್ ಬಗ್ಗೆ ಬರೀತೀನಿ ಅಂತ ಕೂತು ತಾಲೂಕು ಆಫೀಸಿಗೆ ಯಾಕೆ ಹೋದೆ ಅಂದ್ರೆ, ನಮ್ಮ ಕ್ರೀಡಾ ಪುಟಗಳು ಕೋಚ್‌ಗಳ ಬಗ್ಗೆ ಬರೆಯೋದು ಇದೇ ಟೀ ಅಂಗಡಿ ಶೈಲಿಯಲ್ಲಿ. ಇಂಥವರ ಮುಂದಿನ ಕ್ಲಬ್ ಯಾವುದು? ಮ್ಯಾಡ್ರಿಡ್‌ಗೆ ಹೋಗ್ತಾರಾ? ಮ್ಯಾಂಚೆಸ್ಟರ್‌ಗೆ ಬರ್ತಾರಾ? "ಮೂಲಗಳ ಪ್ರಕಾರ" ಮಾತುಕತೆ ಅಂತಿಮ ಹಂತದಲ್ಲಿದೆ! ಯಾವ ಮೂಲ, ಯಾರ ಮಾತು, ಯಾವ ಕತೆ, ಒಂದೂ ಇರಲ್ಲ. ಇಂಗ್ಲಿಷಿನಲ್ಲಿ ಒಬ್ಬ ಊಹೆ ಮಾಡಿ ಬರೆದಿದ್ದನ್ನು ಕನ್ನಡದಲ್ಲಿ ಇನ್ನೊಬ್ಬ ಖಚಿತ ಮಾಡಿ ಬರೀತಾನೆ. ಅನುವಾದದಲ್ಲಿ ಮೊದಲು ಬಿದ್ದುಹೋಗೋದು "ಇರಬಹುದು" ಅನ್ನೋ ಪದ. ಗಮನಿಸಿದ್ದೀರಾ?

(ಅಂದ ಹಾಗೆ ಇಂಗ್ಲಿಷ್‌ನವರು ಕೋಚ್‌ನನ್ನು ಮ್ಯಾನೇಜರ್ ಅಂತಾರೆ. ನನ್ನ ತಲೇಲಿ ಮ್ಯಾನೇಜರ್ ಅಂದ್ರೆ ಬ್ಯಾಂಕ್ ಮ್ಯಾನೇಜರ್, ಇಲ್ಲಾ ನನ್ನ ರಜೆ ತಿರಸ್ಕರಿಸೋನು. ಹಾಗಾಗಿ ಇಲ್ಲಿ ಕೋಚ್ ಅಂತಲೇ ಬರೀತೀನಿ.)

ನನ್ನ ತಕರಾರು ತುಂಬಾ ಸರಳ. "ಎಲ್ಲಿಗೆ ಹೋಗ್ತಾನೆ" ಅನ್ನೋ ಪ್ರಶ್ನೆ "ಇಲ್ಲಿ ಏನು ಮಾಡಿದ" ಅನ್ನೋ ಪ್ರಶ್ನೆಯನ್ನ ನುಂಗಿಬಿಟ್ಟಿದೆ. ಅಷ್ಟೇ ಆಗಿದ್ರೆ ಸುಮ್ನಿರಬಹುದಿತ್ತು. 2025ರಲ್ಲಿ ಅದು ಇನ್ನೂ ದೊಡ್ಡ ಪ್ರಶ್ನೆಯೊಂದನ್ನು ನುಂಗ್ತು. ಅದಕ್ಕೆ ಆಮೇಲೆ ಬರ್ತೀನಿ. ಮೊದಲು ನಮ್ಮ ಬೆಂಗಳೂರಿನ ಒಬ್ಬ ಕೋಚ್ ಕತೆ ಕೇಳಿ.

ಆಶ್ಲೆ ವೆಸ್ಟ್‌ವುಡ್. ಹೆಸರು ನೆನಪಿದೆಯಾ? ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿದಾಗ ಅದರ ಮೊದಲ ಕೋಚ್. ಮ್ಯಾಂಚೆಸ್ಟರ್ ಯುನೈಟೆಡ್‌ನ ಕಿರಿಯರ ತಂಡದಲ್ಲಿ ಬೆಳೆದು, ಇಂಗ್ಲೆಂಡಿನ ಸಣ್ಣಪುಟ್ಟ ಕ್ಲಬ್‌ಗಳಲ್ಲಿ ಡಿಫೆಂಡರ್ ಆಗಿ ಆಡಿದ್ದವನು. ಇಲ್ಲಿಗೆ ಬಂದಾಗ ಕ್ಲಬ್ಬಿಗೆ ಹೆಸರಿಲ್ಲ, ಅಭಿಮಾನಿಗಳಿಲ್ಲ, ಇತಿಹಾಸ ಅಂತೂ ಇಲ್ವೇ ಇಲ್ಲ. ಮೊದಲ ವರ್ಷವೇ, 2013-14ರಲ್ಲಿ, ಐ-ಲೀಗ್ ಗೆದ್ದರು. ಮುಂದಿನ ವರ್ಷ ಫೆಡರೇಷನ್ ಕಪ್. 2015-16ರಲ್ಲಿ ಮತ್ತೆ ಐ-ಲೀಗ್. ಮೂರು ವರ್ಷಕ್ಕೆ ಮೂರು ದೊಡ್ಡ ಟ್ರೋಫಿ ಕೊಟ್ಟು 2016ರಲ್ಲಿ ಹೊರಟ.

ಆಮೇಲೆ? ಮಲೇಷ್ಯಾದ ಪೆನಾಂಗ್, ಕೋಲ್ಕತ್ತದ ಎಟಿಕೆ, ಪಂಜಾಬಿನ ರೌಂಡ್‌ಗ್ಲಾಸ್, ಅಲ್ಲಿಂದ ಅಫ್ಘಾನಿಸ್ತಾನದ ರಾಷ್ಟ್ರೀಯ ತಂಡ. ಇದರಲ್ಲಿ ಒಂದಾದ್ರೂ ನಮ್ಮ ಕನ್ನಡ ಪುಟಗಳಲ್ಲಿ ದೊಡ್ಡದಾಗಿ ಬಂದಿದ್ದು ನನಗೆ ನೆನಪಿಲ್ಲ. ಮೊರಿನ್ಯೊ ಎಲ್ಲಿಗೆ ಹೋಗ್ತಾನೆ ಅಂತ ತಿಂಗಳುಗಟ್ಟಲೆ ಬರೆದವರಿಗೆ, ಬೆಂಗಳೂರಿನಲ್ಲಿ ಮೂರು ವರ್ಷ ನಿಂತು ಕೂಗಾಡಿದ ಮನುಷ್ಯ ಎಲ್ಲಿಗೆ ಹೋದ ಅನ್ನೋದರಲ್ಲಿ ಆಸಕ್ತಿ ಇರಲಿಲ್ಲ. ಎಲ್ಲಿಗೆ ಹೋದ ಅಂತ ಗೊತ್ತಾಗಿದ್ದು 2024ರ ಮಾರ್ಚ್ 26ಕ್ಕೆ, ಗುವಾಹಟಿಯಲ್ಲಿ. ವಿಶ್ವಕಪ್ ಅರ್ಹತಾ ಪಂದ್ಯ, ಸುನಿಲ್ ಛೆಟ್ರಿಯ 150ನೇ ಅಂತರರಾಷ್ಟ್ರೀಯ ಪಂದ್ಯ. ಛೆಟ್ರಿ ಗೋಲೂ ಹೊಡೆದರು. ದ್ವಿತೀಯಾರ್ಧದಲ್ಲಿ ಅಫ್ಘಾನಿಸ್ತಾನ ಎರಡು ಹೊಡೆದು 2-1ರಿಂದ ಗೆದ್ದಿತು. ಆ ಕಡೆ ಗೆರೆ ಪಕ್ಕ ನಿಂತಿದ್ದವನು ಛೆಟ್ರಿಗೆ ಮೂರು ವರ್ಷ ಕೋಚ್ ಆಗಿದ್ದ ಅದೇ ವೆಸ್ಟ್‌ವುಡ್.

ಸರಿ, ಒಂದು ಸಲ ಅಂದ್ಕೊಳ್ಳೋಣ. 2025ರ ಜೂನ್ 10, ಹಾಂಗ್‌ಕಾಂಗ್‌ನ ಕೈ ಟಾಕ್ ಸ್ಟೇಡಿಯಂ, ಏಷ್ಯನ್ ಕಪ್ ಅರ್ಹತಾ ಪಂದ್ಯ. ಇಂಜುರಿ ಟೈಮಿನಲ್ಲಿ ಪೆನಾಲ್ಟಿ, ಭಾರತ 0-1. ಹಾಂಗ್‌ಕಾಂಗ್‌ನ ಕೋಚ್ ಯಾರು? ಮತ್ತೆ ವೆಸ್ಟ್‌ವುಡ್! ಹದಿನೈದು ತಿಂಗಳಲ್ಲಿ ಎರಡು ಬೇರೆ ಬೇರೆ ದೇಶಗಳನ್ನು ಕಟ್ಟಿಕೊಂಡು ಬಂದು ನಮ್ಮನ್ನು ಎರಡು ಸಲ ಸೋಲಿಸಿದ. ನಮ್ಮ ಆಟಗಾರರ ಕಾಲು, ದಮ್ಮು, ದೌರ್ಬಲ್ಯ ಎಲ್ಲ ಬೆಂಗಳೂರಿನಲ್ಲಿ, ಕೋಲ್ಕತ್ತದಲ್ಲಿ ವರ್ಷಗಟ್ಟಲೆ ನೋಡಿದ್ದವನು. ಇದಲ್ವಾ ಸ್ವಾಮಿ ಕತೆ? ಒಬ್ಬ ಕೋಚ್ ಒಂದು ಊರಲ್ಲಿ ಏನು ಕಲಿಸಿದ, ಏನು ಕಲಿತುಕೊಂಡು ಹೋದ, ಅದನ್ನು ಎಲ್ಲಿ ಬಳಸಿದ. ಬರೆಯೋ ಕೈ ಇದ್ದಿದ್ರೆ ಎರಡು ಪುಟ ಬರೀಬಹುದಿತ್ತು. ಬಂದಿದ್ದು ಏನು? ಭಾರತದ ಕೋಚ್ ಮನೊಲೊ ಮಾರ್ಕೆಝ್ ಇರ್ತಾರಾ, ಹೋಗ್ತಾರಾ? ಹೋದ್ರೆ ಎಲ್ಲಿಗೆ? ಅವರ ಜಾಗಕ್ಕೆ ಯಾರು?

ಈಗ ಆ ದೊಡ್ಡ ಪ್ರಶ್ನೆಗೆ ಬರ್ತೀನಿ.

ಮಾರ್ಕೆಝ್ 2025ರ ಜುಲೈ 2ಕ್ಕೆ ಹೊರಟರು. ಎಂಟು ಪಂದ್ಯ ಆಡಿಸಿ ಗೆದ್ದಿದ್ದು ಒಂದು. (ಅದೂ ಆ ಅವಧಿಯ ಬಹುಪಾಲು ಗೋವಾ ಎಫ್‌ಸಿಗೂ ಅವರೇ ಕೋಚ್. ಎರಡು ದೋಣಿ ಮೇಲೆ ಕಾಲಿಡೋದನ್ನು ಫೆಡರೇಷನ್ನೇ ಒಪ್ಪಿಕೊಂಡಿತ್ತು. ಆ ಒಪ್ಪಂದ ಸರಿಯಾ ಅಂತ ಕೇಳಬೇಕಾದವರು ಇಡೀ ವರ್ಷ "ಗೋವಾದಲ್ಲಿ ಉಳೀತಾರಾ, ಭಾರತಕ್ಕೆ ಬರ್ತಾರಾ" ಅಂತ ಪಗಡೆ ಆಡ್ತಾ ಕೂತರು.) ಫೆಡರೇಷನ್ ಅರ್ಜಿ ಕರೆಯಿತು. 170 ಅರ್ಜಿ ಬಂದವು. ಜುಲೈ ಕೊನೆಯಲ್ಲಿ ಸಿಡಿಲಿನಂತೆ ಸುದ್ದಿ ಬಂತು: ಬಾರ್ಸಿಲೋನಾದ ಕ್ಸಾವಿ ಹೆರ್ನಾಂಡೆಝ್ ಅರ್ಜಿ ಹಾಕಿದ್ದಾರೆ! ಸಂಬಳ ಜಾಸ್ತಿ ಆಗುತ್ತೆ ಅಂತ ಕೈಬಿಟ್ಟಿದ್ದಾರೆ! ಅವತ್ತು ವಾಟ್ಸಾಪ್ ಗುಂಪುಗಳಲ್ಲಿ ಹಬ್ಬ. ಕ್ಸಾವಿ ಬಂದ್ರೆ ಯಾರನ್ನು ಎಲ್ಲಿ ಆಡಿಸ್ತಾರೆ ಅಂತ ನಕ್ಷೆ ಬಿಡಿಸಿದವರಿದ್ದಾರೆ. ಕ್ಸಾವಿಗೆ ದುಡ್ಡು ಕೊಡದ ಫೆಡರೇಷನ್ನಿಗೆ ಬೈದವರಿದ್ದಾರೆ. ಮಾರನೇ ದಿನ ಫೆಡರೇಷನ್ ಹೇಳಿಕೆ ಕೊಡ್ತು: ಕ್ಸಾವಿ ಮತ್ತು ಪೆಪ್ ಗ್ವಾರ್ಡಿಯೋಲಾ ಹೆಸರಲ್ಲಿ ಬಂದಿದ್ದ ಈಮೇಲ್ ಅರ್ಜಿಗಳು ಅಸಲಿ ಅಲ್ಲ.

ಗ್ವಾರ್ಡಿಯೋಲಾ ಕೂಡ! ಈಮೇಲ್ ಯಾರು ಯಾರ ಹೆಸರಲ್ಲಿ ಬೇಕಾದ್ರೂ ಕಳಿಸಬಹುದು ಅನ್ನೋದು ನನ್ನ ಕಸುಬಿನಲ್ಲಿ ಮೊದಲ ವಾರ ಹೇಳಿಕೊಡೋ ವಿಷಯ. ಆದ್ರೆ ನನ್ನ ಸಿಟ್ಟು ಆ ಈಮೇಲ್ ಕಳಿಸಿದವನ ಮೇಲಲ್ಲ. ಒಂದು ಫೋನ್ ಮಾಡಿ ಕೇಳೋ ವ್ಯವಧಾನ ಇಲ್ಲದ ನಮ್ಮ ಹಸಿವಿನ ಮೇಲೆ. ಎಲ್ಲರಿಗೂ ಆ ಸುದ್ದಿ ನಿಜ ಆಗಿರೋದು ಬೇಕಾಗಿತ್ತು.

ಈಗ ಕ್ಯಾಲೆಂಡರ್ ಸ್ವಲ್ಪ ಹಿಂದಕ್ಕೆ ತಿರುಗಿಸಿ. ಅದೇ ಜುಲೈನ 11ನೇ ತಾರೀಕು, ಇಂಡಿಯನ್ ಸೂಪರ್ ಲೀಗ್ ನಡೆಸೋ ಕಂಪನಿ ಎಫ್‌ಎಸ್‌ಡಿಎಲ್ ಕ್ಲಬ್ಬುಗಳಿಗೆ ಹೇಳಿತ್ತು: 2025-26ರ ಸೀಸನ್ ತಡೆಹಿಡಿದಿದ್ದೇವೆ. ಕಾರಣ, ಫೆಡರೇಷನ್ ಜೊತೆಗಿನ ಅವರ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗೀತಿತ್ತು, ಮುಂದೇನು ಅಂತ ತೀರ್ಮಾನ ಆಗಿರಲಿಲ್ಲ. ಒಪ್ಪಂದಕ್ಕೆ ಕೊನೇ ದಿನ ಯಾವುದು ಅಂತ ಅದಕ್ಕೆ ಸಹಿ ಹಾಕಿದ ದಿನದಿಂದಲೇ ಎಲ್ಲರಿಗೂ ಗೊತ್ತು. ಇದೇನು ಬರಗಾಲ ಅಲ್ಲ, ಹೇಳದೆ ಕೇಳದೆ ಬರೋಕೆ. ಅಂದ್ರೆ ದೇಶದ ಅತಿದೊಡ್ಡ ಲೀಗ್ ನಡೆಯುತ್ತೋ ಇಲ್ವೋ ಗೊತ್ತಿಲ್ಲದ ಹದಿನೈದು ದಿನದ ಮೇಲೆ ನಾವು ಕ್ಸಾವಿಯ ಸಂಬಳದ ಲೆಕ್ಕ ಹಾಕ್ತಿದ್ದೆವು!

ಆಗಸ್ಟ್ 1ಕ್ಕೆ ಜಮ್‌ಶೆಡ್‌ಪುರದ ಕೋಚ್ ಖಾಲಿದ್ ಜಮೀಲ್ ಭಾರತದ ಕೋಚ್ ಆದರು. ಅದಾದ ಮೂರೇ ದಿನಕ್ಕೆ ನಮ್ಮ ಬೆಂಗಳೂರು ಎಫ್‌ಸಿ ಒಂದು ಪ್ರಕಟಣೆ ಹೊರಡಿಸಿತು. ಲೀಗ್ ಬಗ್ಗೆ ಖಾತ್ರಿ ಇಲ್ಲದ್ದರಿಂದ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ಅನಿರ್ದಿಷ್ಟ ಕಾಲ ನಿಲ್ಲಿಸಿದ್ದೇವೆ ಅಂತ. ಇನ್ನೂ ಕೆಲವು ಕ್ಲಬ್ಬುಗಳು ಇದೇ ದಾರಿ ಹಿಡಿದವು. ಸಂಬಳ ನಿಂತಿದ್ದು ಬರೀ ಛೆಟ್ರಿಗಲ್ಲ. ಛೆಟ್ರಿ ಹೇಗೋ ನಡೆಸಿಕೊಳ್ತಾರೆ. ಕಿಟ್ ನೋಡಿಕೊಳ್ಳೋನು, ಮಸಾಜ್ ಮಾಡೋನು, ಈಗಷ್ಟೇ ಮೇಲಿನ ತಂಡಕ್ಕೆ ಬಂದ ಹತ್ತೊಂಬತ್ತರ ಹುಡುಗ, ಇವರ ಮನೆ ಬಾಡಿಗೆ? ಐಟಿಯಲ್ಲಿ ನಮಗೆ ಒಂದು ತಿಂಗಳ ಸಂಬಳ ಐದು ದಿನ ತಡವಾದ್ರೆ ಹೆಚ್‌ಆರ್‌ಗೆ ಎಷ್ಟು ಮೇಲ್ ಹೋಗುತ್ತೆ ಅಂತ ನಿಮಗೂ ಗೊತ್ತು.

ಅಕ್ಟೋಬರಿನಲ್ಲಿ ಲೀಗಿನ ವಾಣಿಜ್ಯ ಹಕ್ಕಿಗೆ ಟೆಂಡರ್ ಕರೆದರು. ಒಂದೇ ಒಂದು ಬಿಡ್ ಬರಲಿಲ್ಲ. ಕೋಚ್ ಕುರ್ಚಿಗೆ 170 ಅರ್ಜಿ, ಲೀಗ್ ನಡೆಸೋಕೆ ಸೊನ್ನೆ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಯಾವ ಪತ್ರಿಕೆಯಾದ್ರೂ ಒಂದು ತಲೆಬರಹ ಮಾಡಿದ್ದನ್ನು ನೀವು ನೋಡಿದ್ರೆ ನನಗೆ ತಿಳಿಸಿ. 2026ರ ಜನವರಿ ಮೊದಲ ವಾರ ಛೆಟ್ರಿ, ಗುರ್‌ಪ್ರೀತ್ ಸಿಂಗ್ ಸಂಧು, ಸಂದೇಶ್ ಝಿಂಗನ್ ಥರದ ಆಟಗಾರರು ವಿಡಿಯೋ ಮಾಡಿ, ಫಿಫಾದವರು ಬಂದು ಭಾರತದ ಫುಟ್ಬಾಲನ್ನು ಉಳಿಸಲಿ ಅಂತ ಕೇಳಿಕೊಳ್ಳೋ ಮಟ್ಟಕ್ಕೆ ಹೋಯ್ತು. ಆಮೇಲೆ ಕೇಂದ್ರ ಕ್ರೀಡಾ ಸಚಿವರು ಫೆಬ್ರುವರಿ 14ಕ್ಕೆ ಲೀಗ್ ಶುರು ಅಂತ ಪ್ರಕಟಿಸಿದರು. 14 ತಂಡ, ಎರಡು ಸುತ್ತಿನ ಬದಲು ಒಂದೇ ಸುತ್ತು. ಅಂದ್ರೆ ಒಂದು ತಂಡಕ್ಕೆ 13 ಲೀಗ್ ಪಂದ್ಯ. ಮಾಮೂಲಿನಲ್ಲಿ ಸೆಪ್ಟೆಂಬರ್ ಹೊತ್ತಿಗೆ ಶುರುವಾಗಬೇಕಾದ ಲೀಗು.

"ಈ ಕೋಚ್ ಮುಂದೆ ಯಾವ ಕ್ಲಬ್ಬಿಗೆ?" ಅಂತ ಕೇಳ್ತಾ ಕೂತಿದ್ದೆವಲ್ಲ, ಹೋಗೋಕೆ ಕ್ಲಬ್ ಅನ್ನೋದೊಂದು ಇರುತ್ತಾ ಅಂತ ಕೇಳಬೇಕಿತ್ತು.

ಉತ್ಪ್ರೇಕ್ಷೆ ಅನ್ಸಿದ್ರೆ ಆಲ್ಬರ್ಟ್ ರೋಕಾನ ಕತೆ ನೋಡಿ. ವೆಸ್ಟ್‌ವುಡ್ ಹೋದ ಮೇಲೆ 2016ರಲ್ಲಿ ಬೆಂಗಳೂರಿಗೆ ಬಂದವರು. ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಕೈಕೆಳಗೆ ಸಹಾಯಕ ಆಗಿದ್ದವರು. ಅವರು ಬಂದ ಮೂರು ತಿಂಗಳಿಗೆ, ಅಕ್ಟೋಬರ್ 19ಕ್ಕೆ, ಎಎಫ್‌ಸಿ ಕಪ್ ಸೆಮಿಫೈನಲ್ ಎರಡನೇ ಪಂದ್ಯ, ಎದುರಾಳಿ ಹಾಲಿ ಚಾಂಪಿಯನ್ ಮಲೇಷ್ಯಾದ ಜೊಹೊರ್. ನಾನಾಗ ತುಮಕೂರಿನಲ್ಲಿ ಇಂಜಿನಿಯರಿಂಗ್. ಲ್ಯಾಬಿಗೆ ಚಕ್ಕರ್ ಹೊಡೆದು ಇಬ್ಬರು ಗೆಳೆಯರ ಜೊತೆ ಬಸ್ಸು ಹತ್ತಿ ಕಂಠೀರವಕ್ಕೆ ಹೋಗಿದ್ದೆ. ಪಾವಗಡದಲ್ಲಿ ನಾವು ಆಡಿದ್ದು ಕ್ರಿಕೆಟ್ಟು, ಕಬಡ್ಡಿ, ವಾಲಿಬಾಲು. ಫುಟ್ಬಾಲ್ ಅಂದ್ರೆ ಟೀವಿಯಲ್ಲಿ ನೋಡೋದು ಅಷ್ಟೇ. ಅವತ್ತು ಮೊದಲು ಗೋಲ್ ಹೊಡೆದಿದ್ದು ಜೊಹೊರ್. ಆಮೇಲೆ ಛೆಟ್ರಿ ಎರಡು, ಜುವಾನನ್ ಒಂದು. 3-1. ವೆಸ್ಟ್ ಬ್ಲಾಕ್‌ನ ಹುಡುಗರು ಕೂಗಿದ ಕೂಗಿಗೆ ನನ್ನ ಕಿವಿ ಎರಡು ದಿನ ಗುಂಯ್ ಅಂತಿತ್ತು. ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್. ದೋಹಾದಲ್ಲಿ ಇರಾಕಿನ ತಂಡಕ್ಕೆ 0-1ರಿಂದ ಸೋತರು, ಅದು ಬೇರೆ ಮಾತು.

ಆ ರಾತ್ರಿ ಆಟದಲ್ಲಿ ನನಗೆ ಕಂಡಿದ್ದನ್ನ ಹೇಳ್ತೀನಿ. ಗೋಲ್ ಬಿಟ್ಟುಕೊಟ್ಟ ಮೇಲೂ ಬೆಂಗಳೂರಿನವರು ಚೆಂಡನ್ನು ಸುಮ್ನೆ ಎತ್ತಿ ಮುಂದಕ್ಕೆ ಒದೀಲಿಲ್ಲ. ಹಿಂದಿನಿಂದ ಕಟ್ಟಿಕೊಂಡೇ ಬಂದರು. ಗಾಬರಿಯಾದಾಗ ಗಾಬರಿಯಾಗದ ಹಾಗೆ ಆಡೋದು ಒಂದು ಕಲಿಕೆ, ಅದಕ್ಕೆ ದಿನಾ ಬೆಳಗ್ಗೆ ಬೆವರು ಬೇಕು. ಕೋಚ್ ಅನ್ನೋನ ಕೆಲಸ ಇದು. ಇದನ್ನು ಬರೆಯೋಕೆ ಪಂದ್ಯ ನೋಡಬೇಕು. ಮುಂದಿನ ಕ್ಲಬ್ ಬರೆಯೋಕೆ ಏನೂ ನೋಡಬೇಕಿಲ್ಲ.

ರೋಕಾ 2018ರಲ್ಲಿ ಹೋದರು. ಆಗ ಹೊರಗಡೆಯ ದೊಡ್ಡ ಹೆಸರುಗಳ ಗಾಳಿಸುದ್ದಿಗೆ ಕಾದವರಿಗೆ ನಿರಾಶೆ. ಪಕ್ಕದ ಕುರ್ಚಿಯಲ್ಲಿ ಎರಡು ವರ್ಷ ಸಹಾಯಕ ಆಗಿ ಕೂತಿದ್ದ ಕಾರ್ಲೆಸ್ ಕ್ವಾಡ್ರಾಟ್‌ಗೇ ಕೆಲಸ ಕೊಟ್ಟರು. 2019ರ ಮಾರ್ಚ್ 17, ಮುಂಬೈ, ಗೋವಾ ವಿರುದ್ಧ ಫೈನಲ್, ಹೆಚ್ಚುವರಿ ಸಮಯದ 117ನೇ ನಿಮಿಷದಲ್ಲಿ ರಾಹುಲ್ ಭೇಕೆ ತಲೆಯಿಂದ ಗೋಲು. ಬೆಂಗಳೂರು ಮೊದಲ ಸಲ ಐಎಸ್‌ಎಲ್ ಚಾಂಪಿಯನ್.

ರೋಕಾ ಮುಂದಿನ ಕ್ಲಬ್ ಯಾವುದು ಅಂತ ಗೊತ್ತಾಗಿದ್ದು 2020ರ ಜನವರಿಯಲ್ಲಿ. ಹೈದರಾಬಾದ್ ಎಫ್‌ಸಿ ಅವರ ಜೊತೆ ಎರಡು ವರ್ಷದ ಒಪ್ಪಂದ ಪ್ರಕಟಿಸಿತು. ಇದು ಊಹೆ ಅಲ್ಲ, ಸಹಿ ಆಗಿದ್ದ ಸಂಗತಿ. ಆದ್ರೂ ಏನಾಯ್ತು? ಆಗಸ್ಟಿನಲ್ಲಿ ಬಾರ್ಸಿಲೋನಾದಿಂದ ಕರೆ ಬಂತು, ರೊನಾಲ್ಡ್ ಕೂಮನ್ ತಂಡದಲ್ಲಿ ಫಿಟ್‌ನೆಸ್ ಕೋಚ್ ಆಗಿ ಹೊರಟೇ ಹೋದರು. ಆ ಒಪ್ಪಂದದ ಪ್ರಕಾರ ಶುರುವಾಗಬೇಕಿದ್ದ ಸೀಸನ್‌ನಲ್ಲಿ ಒಂದು ಪಂದ್ಯಕ್ಕೂ ಅವರು ಹೈದರಾಬಾದ್ ಪರ ನಿಲ್ಲಲಿಲ್ಲ. ಅವಸರದಲ್ಲಿ ಹೈದರಾಬಾದ್ ಕರೆತಂದಿದ್ದು ನಮ್ಮಲ್ಲಿ ಬಹಳ ಜನಕ್ಕೆ ಹೆಸರೇ ಗೊತ್ತಿಲ್ಲದ ಒಬ್ಬ ಸ್ಪೇನಿನವರನ್ನ. ಅವರೇ ಮನೊಲೊ ಮಾರ್ಕೆಝ್. 2022ರ ಮಾರ್ಚಿನಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಪೆನಾಲ್ಟಿಯಲ್ಲಿ ಗೆದ್ದು ಹೈದರಾಬಾದ್ ಚಾಂಪಿಯನ್ ಆಯ್ತು. ಸಹಿ ಹಾಕಿದ ಕಾಗದವೇ ಇಷ್ಟು ಅಲ್ಲಾಡುತ್ತೆ ಅಂದ ಮೇಲೆ "ಮೂಲಗಳ ಪ್ರಕಾರ" ಅನ್ನೋದಕ್ಕೆ ಎಷ್ಟು ತೂಕ ಕೊಡಬೇಕು, ನೀವೇ ಹೇಳಿ.

ಇನ್ನೂ ಇದೆ. ಆ ಚಾಂಪಿಯನ್ ಹೈದರಾಬಾದ್ ಈಗ ಎಲ್ಲಿದೆ? ಮಾರ್ಕೆಝ್ ಗೋವಾಕ್ಕೆ ಹೋದ ಮೇಲಿನ ಸೀಸನ್ನಲ್ಲೇ ಸಂಬಳ ಬಾಕಿ, ಆಟಗಾರರು ಬಿಟ್ಟು ಹೋದರು. ಮಾಲೀಕರು ಬದಲಾದರು. 2025ರಲ್ಲಿ ಕ್ಲಬ್ಬೇ ದೆಹಲಿಗೆ ಹೋಗಿ ಸ್ಪೋರ್ಟಿಂಗ್ ಕ್ಲಬ್ ದೆಹಲಿ ಅಂತ ಹೆಸರು ಬದಲಾಯಿಸಿಕೊಂಡಿತು. ಕೋಚ್ ಟ್ರಾನ್ಸ್‌ಫರ್ ಆಗೋದು ಕೇಳಿದ್ದೀರಿ, ಇದು ಇಡೀ ಕ್ಲಬ್ಬೇ ಟ್ರಾನ್ಸ್‌ಫರ್. ಗಚ್ಚಿಬೌಲಿಯಲ್ಲಿ ಹಳದಿ ಅಂಗಿ ಹಾಕಿಕೊಂಡು ಕೂಗ್ತಿದ್ದ ಹುಡುಗರು ಈಗ ಯಾರಿಗೆ ಕೂಗಬೇಕು? ಟೀ ಅಂಗಡಿಯಲ್ಲಿ ಸಾಹೇಬರ ಮುಂದಿನ ಊರು ಯಾವುದು ಅಂತ ಚರ್ಚೆ ಮಾಡ್ತಿರೋವಾಗ ತಾಲೂಕು ಆಫೀಸನ್ನೇ ಯಾರೋ ಲಾರಿಗೆ ಹಾಕ್ಕೊಂಡು ಹೋದ ಹಾಗಾಯ್ತು.

"ಆದ್ರೂ ಗಾಳಿಸುದ್ದಿ ಕೆಲವು ಸಲ ನಿಜ ಆಗುತ್ತಲ್ಲ" ಅಂತ ನನ್ನ ರೂಮ್‌ಮೇಟ್ ವಾದ ಮಾಡ್ತಾನೆ. ಅವನ ಬ್ರಹ್ಮಾಸ್ತ್ರ ಕಾರ್ಲೊ ಆಂಚೆಲೊಟ್ಟಿ. 2023ರ ಜುಲೈನಲ್ಲಿ ಬ್ರೆಜಿಲ್ ಫೆಡರೇಷನ್ ಅಧ್ಯಕ್ಷರೇ ಹೇಳಿದ್ದರು, 2024ರ ಕೋಪಾ ಅಮೆರಿಕಾ ಹೊತ್ತಿಗೆ ಆಂಚೆಲೊಟ್ಟಿ ನಮ್ಮವರು ಅಂತ. ಆ ಡಿಸೆಂಬರಿಗೆ ಆಂಚೆಲೊಟ್ಟಿ ರಿಯಲ್ ಮ್ಯಾಡ್ರಿಡ್ ಜೊತೆ 2026ರ ತನಕ ಒಪ್ಪಂದ ಮುಂದುವರಿಸಿದರು. 2025ರ ಮೇ ತಿಂಗಳಲ್ಲಿ ಕೊನೆಗೂ ಬ್ರೆಜಿಲ್‌ಗೆ ಹೋದರು. "ನೋಡು, ಆಯ್ತಾ ಇಲ್ವಾ!" ಅಂತಾನೆ. ನಮ್ಮೂರ ಕಡೆ ಪ್ರತಿ ವರ್ಷ "ಈ ಸಲ ಮಳೆ ಚೆನ್ನಾಗಿ ಆಗುತ್ತೆ" ಅಂತ ಹೇಳೋರು ಇದ್ದಾರೆ. ಐದಾರು ವರ್ಷಕ್ಕೊಮ್ಮೆ ಆಗುತ್ತೆ ಕೂಡ. ಅವರ ಮಾತು ನಂಬಿ ಕಡಲೆಕಾಯಿ ಬಿತ್ತಿದವನನ್ನು ಕೇಳಿ, ಅವನಿಗೆ ಬೇಕಾಗಿದ್ದು ಯಾವ ವರ್ಷ, ಯಾವ ವಾರ ಅನ್ನೋದು. ಮಧ್ಯದಲ್ಲಿ ಬ್ರೆಜಿಲ್ ತಾತ್ಕಾಲಿಕ ಕೋಚ್ ಇಟ್ಟುಕೊಂಡು, ಅವರನ್ನು ಬದಲಾಯಿಸಿ, ಮತ್ತೆ ಬದಲಾಯಿಸಿ ಎರಡು ವರ್ಷ ಕಳೆದುಕೊಂಡಿತು. ಆ ಬೀಜದ ಲೆಕ್ಕ ಯಾರು ಕೊಡ್ತಾರೆ?

ಈ ಗಾಳಿಸುದ್ದಿ ಹುಟ್ಟೋದು ಹೇಗೆ ಅಂತ ಸಾಫ್ಟ್‌ವೇರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಒಬ್ಬ ಇನ್ನೊಂದು ಕಂಪನಿ ಆಫರ್ ಲೆಟರ್ ತಂದು ಇಲ್ಲಿ ಮ್ಯಾನೇಜರ್ ಮುಂದೆ ಇಡ್ತಾನೆ. ಹೋಗೋಕಲ್ಲ, ಇಲ್ಲೇ ಸಂಬಳ ಏರಿಸಿಕೊಳ್ಳೋಕೆ. ಕ್ಯಾಂಟೀನಿನಲ್ಲಿ "ಅವನು ಪೇಪರ್ ಹಾಕ್ತಾನಂತೆ" ಅನ್ನೋ ಗುಸುಗುಸು ಹಬ್ಬಿಸೋದೂ ಸಾಮಾನ್ಯವಾಗಿ ಅವನೇ. ಕೋಚ್‌ಗಳಿಗೆ ಇದನ್ನು ಮಾಡೋಕೆ ಏಜೆಂಟ್ ಇದ್ದಾನೆ. ಕೆಲಸ ಇಲ್ಲದೆ ಮನೇಲಿ ಕೂತ ಕೋಚ್ ಹೆಸರು ಮಾರುಕಟ್ಟೆಯಲ್ಲಿ ಓಡಾಡ್ತಾ ಇರಬೇಕು, ಕೆಲಸ ಇರೋನಿಗೆ ಬೇಡಿಕೆ ಇದೆ ಅಂತ ಕಾಣಬೇಕು. ಇಂಗ್ಲೆಂಡಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: "ಮುಂದಿನ ಮ್ಯಾನೇಜರ್ ಯಾರು" ಅನ್ನೋದರ ಮೇಲೆ ಬಾಜಿ ಕಟ್ಟಿಸಿಕೊಳ್ಳೋ ಕಂಪನಿಗಳಿವೆ. ಯಾರದೋ ಹೆಸರಿನ ಮೇಲೆ ಸ್ವಲ್ಪ ದುಡ್ಡು ಬಿದ್ರೆ ಅವನ ದರ ಬದಲಾಗುತ್ತೆ. ದರ ಬದಲಾಗಿದ್ದೇ ಮಾರನೇ ದಿನ ಸುದ್ದಿ. ಸುದ್ದಿ ಓದಿದವರು ಮತ್ತೆ ದುಡ್ಡು ಹಾಕ್ತಾರೆ. ಅದನ್ನು ಮೂರನೇ ದಿನ ಕನ್ನಡಕ್ಕೆ ಇಳಿಸೋನು ಈ ಸರಪಳಿಯ ಕೊನೇ ಕೊಂಡಿ. ಅವನಿಗೆ ಬಾಜಿಯ ದುಡ್ಡೂ ಇಲ್ಲ, ಏಜೆಂಟನ ಕಮಿಷನ್ನೂ ಇಲ್ಲ. ಪುಕ್ಕಟೆ ಕೂಲಿ!

"ಟೈಂಪಾಸ್ ಮಾರಾಯ, ಯಾಕೆ ಇಷ್ಟು ಬಿಸಿ ಆಗ್ತೀಯ" ಅನ್ನೋರೂ ಇದ್ದಾರೆ. ಟೈಂಪಾಸ್ ಮಾಡಿ, ಬೇಡ ಅಂದೋರ್ಯಾರು. ಟೀ ಅಂಗಡಿ ಮಾತನ್ನ ಟೀ ಅಂಗಡಿಯಲ್ಲಿ ಆಡಿದ್ರೆ ನನಗೂ ಒಂದು ಲೋಟ ಹೇಳಿ, ಬಂದು ಕೂರ್ತೀನಿ. ಆದ್ರೆ ಕನ್ನಡದಲ್ಲಿ ಫುಟ್ಬಾಲಿಗೆ ಸಿಗೋ ಜಾಗವೇ ಅಂಗೈ ಅಗಲ. ಕ್ರಿಕೆಟ್ ಉಂಡು ಕೈತೊಳೆದ ಮೇಲೆ ಉಳಿದ ಎಲೆ. ಆ ಅಂಗೈ ಅಗಲವನ್ನೂ ಯೂರೋಪಿನ ಊಹೆಗೆ ಕೊಟ್ಟುಬಿಟ್ರೆ ಇಲ್ಲಿಯದನ್ನ ಬರೆಯೋರು ಎಲ್ಲಿ ಬರೀಬೇಕು?

ಖಾಲಿದ್ ಜಮೀಲ್‌ನೇ ತಗೊಳ್ಳಿ. 2016-17ರಲ್ಲಿ ಮಿಝೋರಾಮಿನ ಪುಟ್ಟ ಕ್ಲಬ್ ಐಝಾಲ್‌ಗೆ ಐ-ಲೀಗ್ ಗೆಲ್ಲಿಸಿಕೊಟ್ಟ ಮನುಷ್ಯ. ಅಷ್ಟಾದ್ರೂ "ಮುಂದಿನ ದೊಡ್ಡ ಕೋಚ್" ಪಟ್ಟಿಗಳಲ್ಲಿ ಅವರ ಹೆಸರು ಕಾಣೋಕೆ ವರ್ಷಗಳೇ ಬೇಕಾದವು. ಭಾರತ ತಂಡಕ್ಕೆ ಭಾರತೀಯ ಮುಖ್ಯ ಕೋಚ್ ಸಿಕ್ಕಿದ್ದೇ 13 ವರ್ಷದ ಮೇಲೆ. ಅವರು ಬಂದ ಕೂಡಲೇ ಎಲ್ಲ ಸರಿಹೋಯ್ತು ಅಂತೇನೂ ನಾನು ಹೇಳ್ತಿಲ್ಲ. ಸೆಪ್ಟೆಂಬರಿನಲ್ಲಿ ಒಮಾನ್ ವಿರುದ್ಧ ಪೆನಾಲ್ಟಿಯಲ್ಲಿ ಗೆದ್ದು ಕಾಫಾ ಕಪ್‌ನಲ್ಲಿ ಮೂರನೇ ಸ್ಥಾನ ಬಂತು. ಅಕ್ಟೋಬರಿನಲ್ಲಿ ಸಿಂಗಪುರಕ್ಕೆ ಸೋತು 2027ರ ಏಷ್ಯನ್ ಕಪ್ ಬಾಗಿಲೇ ಮುಚ್ಚಿತು, ನವೆಂಬರಿನಲ್ಲಿ ಬಾಂಗ್ಲಾದೇಶಕ್ಕೂ ಸೋತೆವು. ಇದನ್ನು ಬರೀರಿ, ಬೈಯ್ಯಿರಿ. ಲೀಗೇ ನಡೆಯದ ವರ್ಷ ಆಟಗಾರರಿಗೆ ಪಂದ್ಯದ ಅಭ್ಯಾಸ ಎಲ್ಲಿಂದ ಬರಬೇಕು ಅಂತಾನೂ ಕೇಳಿ. ಜಮೀಲ್ ಕುರ್ಚಿ ಅಲ್ಲಾಡ್ತಿದೆಯಾ, ಮುಂದಿನವರು ಯಾರು ಅನ್ನೋದಕ್ಕಿಂತ ಇದು ಮುಖ್ಯ ಅಲ್ವಾ?

ನಿಜವಾಗ್ಲೂ ನನಗೆ ಉರಿಯೋದು ಇನ್ನೊಂದು ಹೆಸರಿಗೆ. 2023ರ ಮಾರ್ಚ್ 4, ಸೌದಿಯ ರಿಯಾದ್. ಸಂತೋಷ್ ಟ್ರೋಫಿ ಫೈನಲ್ ಮೊದಲ ಸಲ ದೇಶದ ಹೊರಗೆ. ಕರ್ನಾಟಕ 3, ಮೇಘಾಲಯ 2. ಕರ್ನಾಟಕ ಈ ಟ್ರೋಫಿ ಹಿಂದಿನ ಸಲ ಗೆದ್ದಿದ್ದು 1968-69ರಲ್ಲಿ, ಇನ್ನೂ ಮೈಸೂರು ರಾಜ್ಯ ಅನ್ನೋ ಹೆಸರಲ್ಲಿ. ಅಂದ್ರೆ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದ ಮೇಲೆ ಮೊದಲನೇ ಸಲ! 54 ವರ್ಷ. ನಮ್ಮಪ್ಪ ಹುಟ್ಟಿದ್ದೇ ಅದಾದ ಮೇಲೆ.

ಆ ತಂಡದ ಕೋಚ್ ರವಿಬಾಬು ರಾಜು. ಅವರ ಮುಂದಿನ ಕ್ಲಬ್ ಯಾವುದು ಅಂತ ಯಾವ ಮೂಲವೂ ಹೇಳಲಿಲ್ಲ, ಯಾರೂ ಊಹೆ ಮಾಡಲಿಲ್ಲ, ಯಾರೂ ಬಾಜಿ ಕಟ್ಟಲಿಲ್ಲ. ಅವತ್ತು ರಾತ್ರಿ ಟೀವಿಯಲ್ಲಿ ಓಡ್ತಾ ಇದ್ದ ಪಟ್ಟಿಯಲ್ಲಿ ಒಂದು ಸಾಲು ಬಂತು, ಹೋಯ್ತು. ಇಂಗ್ಲೆಂಡಿನ ಮೂರನೇ ದರ್ಜೆಯ ಕ್ಲಬ್ಬಿನ ಕೋಚ್ ಕೆಲಸ ಬಿಟ್ರೆ ನಮಗೆ ಗೊತ್ತಾಗುತ್ತೆ. ಬೆಂಗಳೂರಿನ ಮೈದಾನಗಳಲ್ಲಿ ಹುಡುಗರನ್ನು ಹೆಕ್ಕಿ ತೆಗೆದು ಅರ್ಧ ಶತಮಾನದ ಬರ ಮುಗಿಸಿದವರ ಮುಖ ಕೂಡ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಬೆಂಗಳೂರಿನಲ್ಲಿರೋ ಗೆಳೆಯರಿಗೆ ಒಂದು ವಿಷಯ. ಅಶೋಕನಗರದ ಫುಟ್ಬಾಲ್ ಸ್ಟೇಡಿಯಂ ಗರುಡಾ ಮಾಲ್ ಪಕ್ಕದಲ್ಲೇ ಇದೆ. ಬೆಂಗಳೂರು ಎಫ್‌ಸಿ ಮೊದಲ ವರ್ಷ ಐ-ಲೀಗ್ ಆಡಿದ್ದು ಅಲ್ಲೇ. ರಾಜ್ಯದ ಸೂಪರ್ ಡಿವಿಷನ್ ಲೀಗ್ ನಡೆಯೋದೂ ಅಲ್ಲೇ. ಎಂಜಿ ರಸ್ತೆ ಮೆಟ್ರೋದಲ್ಲಿ ಇಳಿದ್ರೆ ನಡ್ಕೊಂಡೇ ಹೋಗಬಹುದು. ಪಂದ್ಯ ಇರೋ ದಿನ ಮಾಲ್‌ಗೆ ಹೋಗೋರು ಒಂದು ಗಂಟೆ ಆ ಕಡೆ ತಿರುಗಿ. ಗೆರೆ ಪಕ್ಕ ನಿಂತು ಕನ್ನಡ, ತಮಿಳು, ಇಂಗ್ಲಿಷ್ ಬೆರೆಸಿ ಗಂಟಲು ಹರಿಯೋ ಹಾಗೆ ಕೂಗ್ತಿರೋ ಕೋಚ್ ಒಬ್ಬ ಕಾಣ್ತಾನೆ. ಅವನು ಏನು ಹೇಳಿಕೊಡ್ತಿದ್ದಾನೆ, ಹುಡುಗರು ಅದನ್ನ ಮಾಡ್ತಿದ್ದಾರಾ ಅಂತ ನೋಡಿಕೊಂಡು ಬಂದು ಬರೀರಿ. ನಾನು ಓದ್ತೀನಿ.